ಮಗನ ಸೈಕಲ್, ಅಮ್ಮನ ಮೊಣಕಾಲು: ಯಾವ ಕ್ರ್ಯಾಂಕ್ ಸೆಟ್ ಹಾಕಿಸಬೇಕು?

ಪ್ರಶ್ನೆ: ನಾನು ಬೀದರ್‌ನವಳು. ವಯಸ್ಸು 46, ಎತ್ತರ 157 ಸೆಂ.ಮೀ. ಅಷ್ಟೂರಿನ ಕಡೆ ಒಂದು ಶಾಲೆಯಲ್ಲಿ ಟೀಚರ್. ಮಗ ಓದಲಿಕ್ಕೆ ಬೆಂಗಳೂರಿಗೆ ಹೋದ ಮೇಲೆ ಅವನ 26 ಇಂಚಿನ ಗೇರ್ ಸೈಕಲ್ ನಾನೇ ಓಡಿಸುತ್ತಿದ್ದೇನೆ. ಮುಂದೆ 42-34-24 ಹಲ್ಲು, ಹಿಂದೆ ಏಳು ಗೇರು, 14ರಿಂದ 28ರವರೆಗೆ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಅದರ ಹಿಂದೆ 175 ಎಂದು ಅಚ್ಚಾಗಿದೆ. ಎಡಗಡೆ ಕ್ರ್ಯಾಂಕ್ ಪದೇ ಪದೇ ಲೂಸ್ ಆಗುತ್ತದೆ. ಟೈಟ್ ಮಾಡಿಸಿದರೂ ವಾರದೊಳಗೆ ಮತ್ತೆ ಅಲ್ಲಾಡುತ್ತದೆ. ಅಂಗಡಿಯವರು ಪೂರ್ತಿ ಸೆಟ್ ಬದಲಿಸಿ 48-38-28 ಹಾಕೋಣ, ಸ್ಪೀಡ್ ಜಾಸ್ತಿ ಬರುತ್ತದೆ ಎನ್ನುತ್ತಾರೆ. ಮಧ್ಯಾಹ್ನ ಊರಿಗೆ ಏರಿ ಬರುವಾಗ ಮೊಣಕಾಲಿನ ಮುಂದಿನ ಭಾಗ ನೋಯುತ್ತದೆ. ಯಾವ ಸೆಟ್ ತೆಗೆದುಕೊಳ್ಳಲಿ? ಎಷ್ಟು ಉದ್ದದ ಕ್ರ್ಯಾಂಕ್ ಸರಿ? ರಜೆಗೆ ಬಂದಾಗ ಮಗನೂ ಇದನ್ನೇ ಓಡಿಸುತ್ತಾನೆ.

ಉತ್ತರ: ಮೇಡಂ, 48-38-28 ಬೇಡ. ನಿಮ್ಮ ದಾರಿಗೂ ನಿಮ್ಮ ಮೊಣಕಾಲಿಗೂ ಅದು ತಿರುಗುಮುರುಗಾದ ಆಯ್ಕೆ. ಮುಂದೆ ಈಗಿರುವ 42-34-24 ಹಲ್ಲಿನ ಲೆಕ್ಕವೇ ಇರಲಿ. ಕ್ರ್ಯಾಂಕ್ ಉದ್ದ ಮಾತ್ರ 175 ಮಿ.ಮೀ.ನಿಂದ 165ಕ್ಕೆ ಇಳಿಸಿ. 160 ಸಿಕ್ಕರೆ ಇನ್ನೂ ಒಳ್ಳೆಯದು. ಉಳಿದ ದುಡ್ಡಿನಲ್ಲಿ ಹಿಂದಿನ ಫ್ರೀವೀಲ್ (ಹಿಂದಿನ ಗಾಲಿಯ ಏಳು ಹಲ್ಲುಚಕ್ರಗಳ ಜೋಡಣೆ) ಬದಲಿಸಿ, 14-34ರದ್ದು ಹಾಕಿಸಿ. ಏಕೆ ಅಂತ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಅಂಗಡಿಯಲ್ಲಿ ನಿಂತು ಮಾತಾಡುವುದು ನಿಮಗೂ ಸುಲಭ.

ಮೊದಲು ಎಡಗಡೆ ಕ್ರ್ಯಾಂಕ್ ವಿಷಯ. ಎರಡು ಕ್ರ್ಯಾಂಕ್‌ಗಳ ನಡುವೆ ಫ್ರೇಮ್‌ನೊಳಗೆ ಕೂತು ತಿರುಗುವ ಭಾಗಕ್ಕೆ ಬಿಬಿ (ಬಾಟಮ್ ಬ್ರಾಕೆಟ್) ಎನ್ನುತ್ತಾರೆ. ನಿಮ್ಮ ಸೈಕಲ್‌ನಲ್ಲಿ ಬಿಬಿ ಆಕ್ಸಲ್‌ನ ತುದಿ ಚೌಕಾಕಾರದ್ದು. ಆ ಚೌಕ ತುದಿಯ ಕಡೆ ಸ್ವಲ್ಪ ಸಣ್ಣಗಾಗುತ್ತಾ ಹೋಗುತ್ತದೆ. ಕ್ರ್ಯಾಂಕ್‌ನಲ್ಲೂ ಅದೇ ಆಕಾರದ ತೂತು. ಬೋಲ್ಟ್ ಬಿಗಿದಷ್ಟೂ ಕ್ರ್ಯಾಂಕ್ ಆ ಚೌಕದ ಮೇಲೆ ಹತ್ತಿ ಕಚ್ಚಿ ಕೂರುತ್ತದೆ. ಆಕ್ಸಲ್ ಉಕ್ಕಿನದು, ಕ್ರ್ಯಾಂಕ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ಬೋಲ್ಟ್ ಲೂಸ್ ಇರುವಾಗ ಒಂದಿಷ್ಟು ದೂರ ತುಳಿದರೆ ಸಾಕು, ಉಕ್ಕಿನ ಮೂಲೆಗಳು ಅಲ್ಯೂಮಿನಿಯಂ ತೂತನ್ನು ತಿಂದು ದುಂಡಗೆ ಮಾಡಿಬಿಡುತ್ತವೆ. ಆಮೇಲೆ ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ. ತಗಡು ಸಿಕ್ಕಿಸಿ ಕೂರಿಸುವ ಉಪಾಯ ಬೇಡವೇ ಬೇಡ. ಏರಿನಲ್ಲಿ ಎದ್ದು ತುಳಿಯುವಾಗ ಕ್ರ್ಯಾಂಕ್ ಕಳಚಿದರೆ ಬೀಳುವುದು ರಸ್ತೆಯ ಮೇಲೆ. ಬದಲಿಸುವ ತನಕ ದಯವಿಟ್ಟು ಈ ಸೈಕಲ್ ಓಡಿಸಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಡಗಡೆ ಕ್ರ್ಯಾಂಕ್ ಒಂದನ್ನೇ ಬಿಡಿಯಾಗಿ ಕೊಳ್ಳಬಹುದು. ಬಲಗಡೆ ಹಲ್ಲುಗಳು ಚೆನ್ನಾಗಿದ್ದು, ಮೊಣಕಾಲು ನೋವಿಲ್ಲದೆ, ಉದ್ದವೂ ಹೊಂದುತ್ತಿದ್ದರೆ ನಾನು ಅದನ್ನೇ ಮಾಡಿ ಎನ್ನುತ್ತಿದ್ದೆ. ಖರ್ಚು ತುಂಬಾ ಕಡಿಮೆ. ಆದರೆ ಎಡ ಬಲ ಎರಡೂ ಒಂದೇ ಉದ್ದ ಇರಬೇಕು. ನಿಮಗೆ ಉದ್ದ ಬದಲಿಸುವುದು ಬೇಕಾಗಿದೆ, ಹಾಗಾಗಿ ಪೂರ್ತಿ ಸೆಟ್‌ಗೆ ಅರ್ಥವಿದೆ. ಅಂಗಡಿಯವರು ಆ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ.

ಈಗ ಗೇರ್. ನಿಮ್ಮ ಚಕ್ರ 26 ಇಂಚಿನದು, ಟೈರ್ 1.95 ಇದ್ದರೆ ಒಂದು ಸುತ್ತಿಗೆ ಸುಮಾರು 2.05 ಮೀಟರ್ ಹೋಗುತ್ತದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ಇದರಿಂದ ಗುಣಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ದೂರ ಸಾಗುತ್ತದೆ ಎಂದು ಸಿಗುತ್ತದೆ. ಸೈಕಲ್ ಗೇರಿನ ಲೆಕ್ಕವೆಲ್ಲ ಇಷ್ಟೇ. 42 ಮುಂದೆ, 14 ಹಿಂದೆ ಇದ್ದರೆ ಒಂದು ಸುತ್ತಿಗೆ 6.15 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಸುಮಾರು 29.5 ಕಿ.ಮೀ. ಅದೇ 48 ಹಲ್ಲು ಹಾಕಿದರೆ ಸುಮಾರು 33.7 ಕಿ.ಮೀ. ಅಂಗಡಿಯವರು ಹೇಳಿದ ಜಾಸ್ತಿ ಸ್ಪೀಡ್ ಇದೇ. ಆದರೆ ಅದು ಬರುವುದು ಆ ಗೇರನ್ನು ಅದೇ ವೇಗದಲ್ಲಿ ತುಳಿಯುವ ಕಾಲು ಇದ್ದರೆ ಮಾತ್ರ. ಸೆಟ್ ತಾನಾಗಿ ಸ್ಪೀಡ್ ಕೊಡುವುದಿಲ್ಲ. ಶಾಲೆಗೆ ಹೋಗುವಾಗ ನಿಮ್ಮ ದಾರಿ ಹೇಗೂ ಇಳಿಜಾರು, ತುಳಿಯದಿದ್ದರೂ ಸೈಕಲ್ ಓಡುತ್ತದೆ. ಅಲ್ಲಿ ಬೇಕಾಗಿರುವುದು ಒಳ್ಳೆಯ ಬ್ರೇಕು. 48 ಹಲ್ಲಿಗೆ ಅಲ್ಲಿ ಕೆಲಸವಿಲ್ಲ, ಅಲ್ವಾ?

ಮುಂದಿನ ಮೂರು ಹಲ್ಲುಚಕ್ರಗಳಿಗೆ ರಿಂಗ್ ಎನ್ನುತ್ತಾರೆ. ದಿನದ ಹೆಚ್ಚಿನ ಹೊತ್ತು ಚೈನ್ ಇರುವುದು ನಡುವಿನ ರಿಂಗ್‌ನಲ್ಲಿ. ಸೆಟ್ ಆರಿಸುವಾಗ ನಾನು ಮೊದಲು ನೋಡುವುದೂ ಅದನ್ನೇ. 34 ಮುಂದೆ, 18 ಹಿಂದೆ ಇದ್ದರೆ ಒಂದು ಸುತ್ತಿಗೆ 3.87 ಮೀಟರ್. ಗಂಟೆಗೆ 16 ಕಿ.ಮೀ. ವೇಗದಲ್ಲಿ ಹೋಗುವಾಗ ನಿಮಿಷಕ್ಕೆ ಸುಮಾರು 69 ಸುತ್ತು ಬೀಳುತ್ತದೆ. ಇದು ಆರಾಮದ ತುಳಿತ. ನಡುವೆ 38 ಹಾಕಿದರೆ ಅದೇ ವೇಗಕ್ಕೆ ಸುಮಾರು 62 ಸುತ್ತು. ಸುತ್ತು ಕಡಿಮೆಯಾಯಿತು ಎಂದರೆ ಪ್ರತಿ ಸುತ್ತಿನಲ್ಲೂ ಒತ್ತಡ ಜಾಸ್ತಿಯಾಯಿತು ಎಂದೇ ಅರ್ಥ. ಹಿಂದೆ ಒಂದು ಗೇರ್ ಇಳಿಸಿಕೊಳ್ಳಬಹುದು, ನಿಜ. ಆದರೆ ಹೆಚ್ಚಿನವರು ಇಳಿಸುವುದಿಲ್ಲ. ಭಾರ ಎನಿಸಿದರೂ ಹಾಗೇ ತುಳಿಯುತ್ತಾರೆ. ಮೊಣಕಾಲಿನ ಚಿಪ್ಪಿನ ಹಿಂದೆ ನೋವು ಶುರುವಾಗುವುದು ಇಂಥ ನಿಧಾನದ, ಭಾರದ ತುಳಿತದಿಂದಲೇ. ನಿಮ್ಮ ಸುತ್ತು ಎಷ್ಟು ಅಂತ ತಿಳಿಯಬೇಕಾದರೆ 15 ಸೆಕೆಂಡು ಬಲಗಾಲು ಎಷ್ಟು ಸಲ ಕೆಳಗೆ ಬಂತು ಎಣಿಸಿ, ನಾಲ್ಕರಿಂದ ಗುಣಿಸಿ. ಸಮತಟ್ಟಿನಲ್ಲಿ 70ರ ಆಸುಪಾಸು ಇರಲಿ. ಏರಿನಲ್ಲಿ 60ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ.

ಏರಿನ ಮಾತಿಗೆ ಬರೋಣ, ನಿಮ್ಮ ಇಡೀ ಪ್ರಶ್ನೆ ನಿಂತಿರುವುದು ಅಲ್ಲೇ. ಬೀದರ್ ಊರು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲಿದೆ. ಅಷ್ಟೂರು, ಬಹಮನಿ ಸುಲ್ತಾನರ ಗೋರಿಗಳಿರುವ ಜಾಗ, ಊರಿನ ಪೂರ್ವಕ್ಕೆ ಕೆಳಗಿನ ಬಯಲಲ್ಲಿದೆ. ಬೆಳಿಗ್ಗೆ ತಾಜಾ ಕಾಲಿನಲ್ಲಿ ಇಳಿಯುತ್ತೀರಿ. ಶಾಲೆ ಮುಗಿಸಿ, ದಣಿದು, ಬಿಸಿಲಲ್ಲಿ ಹತ್ತುತ್ತೀರಿ. ಮಳೆಗಾಲದಲ್ಲಿ ಇನ್ನೊಂದು ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ, ನೈರುತ್ಯದಿಂದ. ಊರಿಗೆ ಮರಳುವಾಗ ನಿಮ್ಮ ಮುಖ ಪಶ್ಚಿಮಕ್ಕೆ. ಅಂದರೆ ಚಡಾವೂ ಎದುರಿಗೆ, ಗಾಳಿಯೂ ಎದುರಿಗೆ. ಗೇರ್ ಆರಿಸಬೇಕಾದದ್ದು ಈ ಹೊತ್ತಿಗೆ. ಬೆಳಗಿನ ಇಳಿಜಾರನ್ನು ನೋಡಿ ಆರಿಸಿದರೆ ಮಧ್ಯಾಹ್ನ ಕಾಲು ಸೋಲುತ್ತದೆ.

ಒಂದು ಪ್ರಶ್ನೆ ನಾನು ನಿಮ್ಮನ್ನು ಕೇಳಬೇಕು. ಏರು ಹತ್ತುವಾಗ ಚೈನ್ ಯಾವ ರಿಂಗ್ ಮೇಲೆ ಇರುತ್ತದೆ? ಎಡಗೈ ಶಿಫ್ಟರ್‌ನಲ್ಲಿ 1, 2, 3 ಇರುತ್ತದಲ್ಲ, ಅದರಲ್ಲಿ 1 ಅಂದರೆ 24ರ ಸಣ್ಣ ರಿಂಗ್. ರಿಪೇರಿಗೆ ಬರುವ ಎಷ್ಟೋ ಸೈಕಲ್‌ಗಳಲ್ಲಿ ಆ ರಿಂಗ್ ಮೇಲೆ ಧೂಳು ಕೂತು ಗಟ್ಟಿಯಾಗಿರುತ್ತದೆ. ಕೇಬಲ್ ಹಿಡಿದುಕೊಂಡಿರುತ್ತದೆ, ಅಥವಾ ಚೈನನ್ನು ಪಕ್ಕಕ್ಕೆ ಸರಿಸುವ ಡಿರೇಲರ್‌ನ ಸ್ಕ್ರೂ ಸರಿಯಿಲ್ಲದೆ ಚೈನ್ ಇಳಿಯುವುದೇ ಇಲ್ಲ. ಓಡಿಸುವವರಿಗೆ ಅದು ಗೊತ್ತೂ ಆಗಿರುವುದಿಲ್ಲ. ನೀವು 34-28ರಲ್ಲಿ ಏರುತ್ತಿದ್ದರೆ, 24-28ಕ್ಕೆ ಹೋಲಿಸಿದರೆ ಪ್ರತಿ ತುಳಿತಕ್ಕೂ ಸುಮಾರು 42% ಜಾಸ್ತಿ ಒತ್ತುತ್ತಿದ್ದೀರಿ. ಹಾಗಿದ್ದರೆ ಅರ್ಧ ಔಷಧಿ ಒಂದು ಹೊಸ ಗೇರ್ ಕೇಬಲ್‌ನಲ್ಲೇ ಇದೆ. ಚೈನ್ ಇಳಿಸುವುದು ಏರು ಶುರುವಾಗುವ ಮುಂಚೆ, ಹಗುರವಾಗಿ ತುಳಿಯುತ್ತಿರುವಾಗ. ಅರ್ಧ ಏರಿನಲ್ಲಿ ಜೋರಾಗಿ ಒತ್ತುತ್ತಾ ಇಳಿಸಲು ಹೋದರೆ ಚೈನ್ ಒಳಗೆ ಬಿದ್ದು ಸಿಕ್ಕಿಹಾಕಿಕೊಳ್ಳುತ್ತದೆ.

24-28ರಲ್ಲಿ ಒಂದು ಸುತ್ತಿಗೆ 1.76 ಮೀಟರ್. ನಿಮಿಷಕ್ಕೆ 60 ಸುತ್ತಿಗೆ ಗಂಟೆಗೆ 6.3 ಕಿ.ಮೀ. ಅಂಗಡಿಯವರ 48-38-28 ಸೆಟ್ ಹಾಕಿಸಿದರೆ ನಿಮ್ಮ ಕೈಲಿರುವ ಅತಿ ಹಗುರ ಗೇರ್ 28-28 ಆಗುತ್ತದೆ. ಅದು ಈಗಿನದಕ್ಕಿಂತ ಸುಮಾರು 17% ಭಾರ. ಮೊಣಕಾಲು ನೋಯುತ್ತದೆ ಎನ್ನುವವರಿಗೆ ಇದನ್ನು ಹಾಕುವುದು ಹೇಗೆ ಸರಿ? ಕಲಬುರಗಿಯ ಸಮತಟ್ಟು ರಿಂಗ್ ರೋಡಿನಲ್ಲಿ, ದಪ್ಪ ಟೈರ್ ಬಿಟ್ಟು ಸಣ್ಣ ಟೈರ್ ಹಾಕಿ ಓಡಿಸುವ ಹುಡುಗನಿಗೆ ಆ ಸೆಟ್ ಚೆನ್ನಾಗಿಯೇ ಇರುತ್ತದೆ. ಯಾದಗಿರಿಯಲ್ಲಿ ಭೀಮಾ ದಂಡೆಯ ಬಯಲಲ್ಲಿ ಓಡಾಡುವವರಿಗೂ ಆಗಬಹುದು. ನಿಮ್ಮ ದಾರಿ ಬೇರೆ.

48ರ ರಿಂಗ್‌ಗೆ ಇನ್ನೂ ಒಂದು ತೊಡಕಿದೆ. ಒಂದು ಹಲ್ಲು ಹೆಚ್ಚಾದರೆ ರಿಂಗ್‌ನ ಅರೆವ್ಯಾಸ ಸುಮಾರು 2 ಮಿ.ಮೀ. ಹೆಚ್ಚುತ್ತದೆ. ಆರು ಹಲ್ಲಿಗೆ 12 ಮಿ.ಮೀ. ಅಷ್ಟು ದೊಡ್ಡ ರಿಂಗ್ ಫ್ರೇಮ್‌ನ ಹಿಂದಿನ ಕೊಳವೆಗೆ ತಾಗದೆ ತಿರುಗುತ್ತದೆಯೇ ನೋಡಬೇಕು. ಮುಂದಿನ ಡಿರೇಲರನ್ನು ಮೇಲಕ್ಕೆ ಏರಿಸಬೇಕು. ಆ ಡಿರೇಲರ್‌ನ ಪಟ್ಟಿಯ ಬಾಗು 42ಕ್ಕೆ ಮಾಡಿದ್ದಾಗಿದ್ದರೆ 48ಕ್ಕೆ ಸರಿಯಾಗಿ ಕೂರುವುದಿಲ್ಲ. ಚೈನ್ ಕೂಡ ಉದ್ದ ಬೇಕು. ಒಂದು ಸೆಟ್ ಬದಲಿಸಲು ಹೋಗಿ ಮೂರು ಸಾಮಾನು ಬದಲಿಸಿದಂತಾಗುತ್ತದೆ. ಹಳೆಯ ಹಲ್ಲಿನ ಲೆಕ್ಕವನ್ನೇ ಉಳಿಸಿಕೊಂಡರೆ ಡಿರೇಲರ್ ಇದ್ದಲ್ಲೇ ಇರುತ್ತದೆ.

ಇನ್ನು ಕ್ರ್ಯಾಂಕ್ ಉದ್ದ. ಆಕ್ಸಲ್‌ನ ನಡುವಿನಿಂದ ಪೆಡಲ್ ತೂತಿನ ನಡುವಿನ ತನಕ ಇರುವ ಅಳತೆ ಇದು. ನೀವು ನೋಡಿದಂತೆ ಪೆಡಲ್ ತೂತಿನ ಹತ್ತಿರ, ಒಳಮುಖದಲ್ಲಿ ಅಚ್ಚಾಗಿರುತ್ತದೆ. ದೊಡ್ಡವರ ಸೈಕಲ್‌ಗಳಲ್ಲಿ 170 ಮತ್ತು 175 ಹೆಚ್ಚು. ಕಾಲಿನ ಒಳ ಉದ್ದವನ್ನು 0.216ರಿಂದ ಗುಣಿಸುವ ಒಂದು ಲೆಕ್ಕ ಬಳಕೆಯಲ್ಲಿದೆ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಅಂಚಿನಿಂದ ನೆಲಕ್ಕೆ ಅಳೆಯಿರಿ. ನಿಮ್ಮ ಎತ್ತರಕ್ಕೆ ಅದು 72 ಸೆಂ.ಮೀ. ಹತ್ತಿರ ಇರಬಹುದು. ಹಾಗಾದರೆ ಲೆಕ್ಕ ಹೇಳುವುದು 155 ಮಿ.ಮೀ. ಚಿಲ್ಲರೆ. ಇದನ್ನು ಕಟ್ಟುಪಾಡು ಎಂದುಕೊಳ್ಳಬೇಡಿ. ಯಾವ ಕಡೆ ಹೋಗಬೇಕು ಎಂದು ತೋರಿಸಲು ಸಾಕು. 175 ಮಿ.ಮೀ. ನಿಮಗೆ ಜಾಸ್ತಿ ಉದ್ದ, ಅದರಲ್ಲಿ ಅನುಮಾನವಿಲ್ಲ.

ಉದ್ದ ಕ್ರ್ಯಾಂಕ್ ಮೊಣಕಾಲಿಗೆ ಏನು ಮಾಡುತ್ತದೆ ನೋಡಿ. ಪೆಡಲ್ ಮೇಲಕ್ಕೆ ಬಂದಾಗ ಮೊಣಕಾಲು ಅತಿ ಹೆಚ್ಚು ಮಡಚಿರುತ್ತದೆ. ಅಲ್ಲಿಂದಲೇ ಒತ್ತುವುದು ಶುರು. ಹೆಚ್ಚು ಮಡಚಿದ ಮೊಣಕಾಲಿನಿಂದ ಜೋರಾಗಿ ಒತ್ತಿದಾಗ ಚಿಪ್ಪು ತೊಡೆ ಮೂಳೆಗೆ ಬಿಗಿಯಾಗಿ ಅದುಮುತ್ತದೆ. ಕ್ರ್ಯಾಂಕ್ 10 ಮಿ.ಮೀ. ಕಡಿಮೆ ಮಾಡಿದರೆ ಪೆಡಲ್ ಮೇಲೆ ಬರುವುದು 10 ಮಿ.ಮೀ. ಕಡಿಮೆ. ಕೆಳಗೆ ಹೋಗುವುದೂ 10 ಕಡಿಮೆಯಾದ್ದರಿಂದ ಸೀಟನ್ನು 10 ಮಿ.ಮೀ. ಏರಿಸುತ್ತೀರಿ. ಎರಡೂ ಸೇರಿ ಮೇಲ್ತುದಿಯಲ್ಲಿ ಸೀಟಿಗೂ ಪೆಡಲ್‌ಗೂ ನಡುವೆ 20 ಮಿ.ಮೀ. ಜಾಗ ಸಿಗುತ್ತದೆ. ಮೊಣಕಾಲಿಗೆ ಅದು ಗೊತ್ತಾಗುವಷ್ಟು ವ್ಯತ್ಯಾಸ.

ಸೀಟು ಏರಿಸಬೇಕು ಎಂದೆ. ಇಲ್ಲಿ ಬಹಳ ಹೆಂಗಸರಿಗೆ ಹೆದರಿಕೆ, ನನಗೆ ಅದು ಅರ್ಥವಾಗುತ್ತದೆ. ನಿಂತಾಗ ಕಾಲು ನೆಲಕ್ಕೆ ಎಟುಕಬೇಕು ಎಂದು ಸೀಟು ತಗ್ಗಿಸಿರುತ್ತಾರೆ. ತಗ್ಗಿನ ಸೀಟೂ ಮೊಣಕಾಲು ನೋವಿಗೆ ದೊಡ್ಡ ಕಾರಣ. ಹೊಸ ಕ್ರ್ಯಾಂಕ್ ಹಾಕಿ ಸೀಟು ಹಳೆಯ ಜಾಗದಲ್ಲೇ ಬಿಟ್ಟರೆ ಅರ್ಧ ಲಾಭ ಹೋಯಿತು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲಿನಲ್ಲಿ ಬೇಕಾದಷ್ಟು ಮಡಿಕೆ ತಾನೇ ಉಳಿಯುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದೆ ಜಾರಿ ಇಳಿದು ಒಂದು ಕಾಲು ಊರುವುದನ್ನು ಖಾಲಿ ಮೈದಾನದಲ್ಲಿ ನಾಲ್ಕು ದಿನ ರೂಢಿ ಮಾಡಿಕೊಳ್ಳಿ. ಒಮ್ಮೆಲೇ ಏರಿಸದೆ ಐದೈದು ಮಿ.ಮೀ. ಏರಿಸಿದರೂ ಆದೀತು.

ಕ್ರ್ಯಾಂಕ್ ಸಣ್ಣದಾದರೆ ಶಕ್ತಿ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2001ರಲ್ಲಿ ಜೇಮ್ಸ್ ಮಾರ್ಟಿನ್ ಮತ್ತು ವಾನೀನ್ ಸ್ಪಿರ್ಡುಸೊ ಎಂಬ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ. 120ರಿಂದ 220 ಮಿ.ಮೀ. ತನಕ ಐದು ಉದ್ದಗಳ ಕ್ರ್ಯಾಂಕ್ ಹಾಕಿ ಸವಾರರ ಗರಿಷ್ಠ ಶಕ್ತಿ ಅಳೆದರು. 145, 170, 195ರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ತುದಿಗಳಲ್ಲಿ ಕೂಡ ಕಡಿಮೆಯಾದದ್ದು 4% ಸುಮಾರು. 2024ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ತದೇಯ್ ಪೊಗಾಚರ್ ನಿಮಗಿಂತ ಎಷ್ಟೋ ಎತ್ತರ. ಅವರು ಆ ವರ್ಷ ಓಡಿಸಿದ್ದು 165ರ ಕ್ರ್ಯಾಂಕ್. ಹಾಗಾಗಿ ನಿಮ್ಮ ಮಗ ರಜೆಗೆ ಬಂದಾಗ 165ರಲ್ಲಿ ಓಡಿಸಲು ಏನೂ ತೊಂದರೆಯಿಲ್ಲ, ಸೀಟು ಏರಿಸಿಕೊಂಡರೆ ಸಾಕು. ಉದ್ದ ಕಾಲಿನವರು ಸಣ್ಣ ಕ್ರ್ಯಾಂಕಿಗೆ ಬೇಗ ಒಗ್ಗುತ್ತಾರೆ. ಸಣ್ಣ ಕಾಲಿನವರು ಉದ್ದ ಕ್ರ್ಯಾಂಕಿಗೆ ಒಗ್ಗುವುದು ಕಷ್ಟ. ಒಂದೇ ಸೈಕಲ್ ಇಬ್ಬರು ಓಡಿಸುವ ಮನೆಯಲ್ಲಿ ಗಿಡ್ಡ ಇರುವವರ ಅಳತೆಗೇ ಕ್ರ್ಯಾಂಕ್ ಇರಬೇಕು.

ಆದರೆ ಉದ್ದ ಮತ್ತು ಗೇರ್ ಬೇರೆ ಬೇರೆ ಲೆಕ್ಕ ಅಲ್ಲ. ಬಾವಿ ರಾಟೆಯ ಹಿಡಿ ಗಿಡ್ಡವಾದರೆ ಕೈಗೆ ಭಾರ ಹೆಚ್ಚುತ್ತದಲ್ಲ, ಇಲ್ಲೂ ಹಾಗೆಯೇ. 175ರಿಂದ 165ಕ್ಕೆ ಬಂದರೆ ಅದೇ ಗೇರಿನಲ್ಲಿ ಸುಮಾರು 6% ಜಾಸ್ತಿ ಒತ್ತಬೇಕು. ಕಾಲು ಸುತ್ತುವ ವೃತ್ತ ಸಣ್ಣದಾದ್ದರಿಂದ ಬೇಗ ಬೇಗ ತುಳಿಯುವುದು ಸುಲಭವಾಗುತ್ತದೆ, ಹಾಗಾಗಿ ಸಮತಟ್ಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹಿಂದೆ ಒಂದು ಗೇರ್ ಇಳಿಸಿಕೊಂಡರೆ ಮುಗಿಯಿತು. ಏರಿನಲ್ಲಿ ಮಾತ್ರ, ಈಗಾಗಲೇ ಕೊನೆಯ ಗೇರಿನಲ್ಲಿ ಇದ್ದರೆ, ಇಳಿಸಲು ಇನ್ನೊಂದು ಇರುವುದಿಲ್ಲ. ಕ್ರ್ಯಾಂಕ್ ಸಣ್ಣದು ಮಾಡಿ ಗೇರ್ ಹಾಗೇ ಬಿಟ್ಟವರು ಇದೇನು ಉಪಯೋಗವಾಗಲಿಲ್ಲ ಎನ್ನುವುದು ಇದಕ್ಕೇ.

ಅದಕ್ಕೇ ನಾನು ಫ್ರೀವೀಲ್ ಬದಲಿಸಿ ಎಂದದ್ದು. ಶಿಮಾನೋ ಮೆಗಾರೇಂಜ್ ಎಂದು ಕೇಳಿದರೆ ಏಳು ಗೇರಿನ 14-34 ಸಿಗುತ್ತದೆ. ಮೊದಲ ಆರು ಹಲ್ಲುಚಕ್ರಗಳು ನಿಮ್ಮ ಈಗಿನ ಫ್ರೀವೀಲ್‌ನಂತೆಯೇ ಇರುತ್ತವೆ, ಕೊನೆಯದು ಮಾತ್ರ 24ರಿಂದ ನೇರವಾಗಿ 34ಕ್ಕೆ ಹಾರುತ್ತದೆ. ಆ ಹಾರಿಕೆ ಸಮತಟ್ಟಿನಲ್ಲಿ ಇಷ್ಟವಾಗದಿರಬಹುದು. ಏರಿನಲ್ಲಿ ಅದು ನಿಮ್ಮ ಪಾಲಿನ ಗೇರ್. 24-34ರಲ್ಲಿ ಒಂದು ಸುತ್ತಿಗೆ 1.45 ಮೀಟರ್ ಮಾತ್ರ. ಕ್ರ್ಯಾಂಕ್ 165 ಆದದ್ದರಿಂದ ಹೆಚ್ಚಿದ 6% ಕಳೆದೂ ಈಗಿನ 24-28ಕ್ಕಿಂತ ಸುಮಾರು 13% ಕಡಿಮೆ ಒತ್ತಿದರೆ ಸಾಕು. 160 ಹಾಕಿದರೆ 10% ಕಡಿಮೆ. ಗಂಟೆಗೆ 5 ಕಿ.ಮೀ. ಚಿಲ್ಲರೆ ವೇಗ ಬರುತ್ತದೆ, ನಡಿಗೆಯಷ್ಟೇ. ಅದಕ್ಕಿಂತ ನಿಧಾನವಾದರೆ ಸೈಕಲ್ ತೂರಾಡತೊಡಗುತ್ತದೆ. ಹಾಗಾಗಿ ಮುಂದೆ 22ರ ಸಣ್ಣ ರಿಂಗ್ ಇರುವ ಸೆಟ್ ಹುಡುಕುವ ಅಗತ್ಯ ಇಲ್ಲ. ಕೊಳ್ಳುವ ಮುಂಚೆ ಹಿಂದಿನ ಡಿರೇಲರ್ 34 ಹಲ್ಲನ್ನು ತಾಳುತ್ತದೆಯೇ ನೋಡಿಸಿ. ಶಿಮಾನೋದ ಟೂರ್ನಿ ಟಿವೈ300 ಡಿರೇಲರ್ ಆದರೆ ತಾಳುತ್ತದೆ. ಚೈನ್ ನಾಲ್ಕು ಕಡಿ ಉದ್ದ ಬೇಕಾಗಬಹುದು.

ಈಚೆಗೆ ಮುಂದೆ ಒಂದೇ ರಿಂಗ್ ಹಾಕಿಸುವ ರೂಢಿ ಬಂದಿದೆ. ನೋಡಲು ಚೆಂದ, ತಲೆನೋವೂ ಕಡಿಮೆ. ಆದರೆ ಹಿಂದೆ 11ರಿಂದ 42 ಅಥವಾ 50ರವರೆಗೆ ಹಲ್ಲಿರುವ ದೊಡ್ಡ ಕ್ಯಾಸೆಟ್ ಇದ್ದರೆ ಮಾತ್ರ ಅದು ನಡೆಯುತ್ತದೆ. ನಿಮ್ಮ 14-28ರ ಜೊತೆ 32ರ ಒಂಟಿ ರಿಂಗ್ ಹಾಕಿದರೆ ಏರಿನ ಗೇರೇ ಹೋಗಿಬಿಡುತ್ತದೆ. ಯಾರಾದರೂ ಹೇಳಿದರೆ ಬೇಡ ಎನ್ನಿ.

ಸೆಟ್ ಕೊಳ್ಳುವಾಗ ಕೇಳಬೇಕಾದ್ದು ಇಷ್ಟು: ಚೌಕ ಆಕ್ಸಲ್‌ನದು, 42-34-24, 165 ಮಿ.ಮೀ., ಆರು-ಏಳು-ಎಂಟು ಗೇರಿನ ಚೈನ್‌ಗೆ ಹೊಂದುವಂಥದ್ದು, ಚೈನ್ ಗಾರ್ಡ್ ಇರುವಂಥದ್ದು. ಕೊನೆಯದನ್ನು ಮರೆಯಬೇಡಿ. ದೊಡ್ಡ ರಿಂಗ್‌ನ ಹೊರಗೆ ಪ್ಲಾಸ್ಟಿಕ್ ತಟ್ಟೆ ಇರುತ್ತದಲ್ಲ, ಅದೇ ಗಾರ್ಡ್. ಚೂಡಿದಾರದ ಕಾಲು, ದುಪಟ್ಟಾ, ಸೀರೆಯ ನಿರಿಗೆ ಹಲ್ಲಿಗೆ ಸಿಕ್ಕುವುದನ್ನು ತಡೆಯುತ್ತದೆ. ಹುಡುಗರ ಸೈಕಲ್‌ಗಳಲ್ಲಿ ಅದನ್ನು ಸ್ಟೈಲ್‌ಗೆ ಕಿತ್ತು ಹಾಕಿರುತ್ತಾರೆ. ನಿಮಗೆ ಅದು ಬೇಕೇ ಬೇಕು. ಗಾರ್ಡ್ ಇಲ್ಲದ ದುಬಾರಿ ಸೆಟ್‌ಗಿಂತ ಗಾರ್ಡ್ ಇರುವ ಸಾದಾ ಸೆಟ್ ನಿಮ್ಮ ಕೆಲಸಕ್ಕೆ ಉತ್ತಮ.

ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 170. ಅದನ್ನೇ ಹಾಕಿಬಿಡೋಣ ಎನ್ನಬಹುದು. 175ರಿಂದ 170ಕ್ಕೆ ಬರುವುದೂ ಲಾಭವೇ, ಆದರೆ ದುಡ್ಡು ಕೊಟ್ಟು ಬದಲಿಸುತ್ತಿರುವಾಗ ಅರ್ಧ ದಾರಿಯಲ್ಲಿ ನಿಲ್ಲಬೇಡಿ. ಹೈದರಾಬಾದ್‌ನಿಂದ ತರಿಸಲು ಹೇಳಿ, ಅಥವಾ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ. ಇನ್ನೊಂದು ದಾರಿಯಿದೆ. 24 ಇಂಚಿನ ಮಕ್ಕಳ ಗೇರ್ ಸೈಕಲ್‌ಗೆ ಬರುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ 152 ಮಿ.ಮೀ. ಕ್ರ್ಯಾಂಕ್ ಇರುತ್ತದೆ, ಹಲ್ಲು ಅದೇ 42-34-24. ನಿಮ್ಮ ಅಳತೆಗೆ ಅದೂ ನಡೆಯುತ್ತದೆ. ಮೆಗಾರೇಂಜ್ ಜೊತೆಗಿದ್ದರೆ ಏರಿನಲ್ಲಿ ಆಗಲೂ ಈಗಿನದಕ್ಕಿಂತ ಸುಮಾರು 5% ಹಗುರ. ಆದರೆ ಆಗ ಮಗನಿಗೆ ಅದು ತುಸು ವಿಚಿತ್ರ ಅನಿಸಬಹುದು.

ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಮೂರು ರಿಂಗ್‌ಗಳನ್ನೂ ರಿವೆಟ್ ಹೊಡೆದು ಸೇರಿಸಿರುತ್ತಾರೆ. ಒಂದು ಸವೆದರೆ ಪೂರ್ತಿ ಸೆಟ್ ಹೋಯಿತು. ಬೋಲ್ಟ್ ಇರುವ ಸೆಟ್ ಆದರೆ ರಿಂಗ್ ಬಿಡಿಯಾಗಿ ಬದಲಿಸಬಹುದು. ಬಜೆಟ್ ಒಪ್ಪಿದರೆ ಬೋಲ್ಟಿನದು ತೆಗೆದುಕೊಳ್ಳಿ. ಒಪ್ಪದಿದ್ದರೆ ಚಿಂತೆಯಿಲ್ಲ, ನಿಮ್ಮ ಓಡಾಟಕ್ಕೆ ರಿವೆಟಿನದೂ ವರ್ಷಗಟ್ಟಲೆ ಬಾಳುತ್ತದೆ. ಅದನ್ನು ಬಾಳಿಸುವುದೂ ಕೆಡಿಸುವುದೂ ಚೈನ್. ಸ್ಟೀಲ್ ಸ್ಕೇಲ್ ಹಿಡಿದು ಚೈನ್‌ನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು 24 ಕಡಿ ಎಣಿಸಿ. ಹೊಸ ಚೈನ್ ಆದರೆ ಸರಿಯಾಗಿ 12 ಇಂಚಿಗೆ ಪಿನ್ ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಳೆದ ಚೈನನ್ನು ಹೊಸ ಸೆಟ್ ಮೇಲೆ ಓಡಿಸಿದರೆ ಹೊಸ ಹಲ್ಲುಗಳನ್ನೂ ತನ್ನ ಅಳತೆಗೆ ತಿಂದುಹಾಕುತ್ತದೆ.

ಬಿಬಿ ಬಗ್ಗೆ. ಕ್ರ್ಯಾಂಕ್ ಬಿಚ್ಚಿದಾಗ ಆಕ್ಸಲ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ತಿರುಗಿಸಿ. ಆಟವಿದ್ದರೆ ಅಥವಾ ಒಳಗೆ ಮರಳು ಸಿಕ್ಕಂತೆ ಕರಕರ ಎಂದರೆ ಅದನ್ನೂ ಈಗಲೇ ಬದಲಿಸಿ. ಚೌಕದ ಮೂಲೆಗಳು ಸವೆದಿದ್ದರೂ ಬದಲಿಸಲೇಬೇಕು, ಇಲ್ಲದಿದ್ದರೆ ಹೊಸ ಕ್ರ್ಯಾಂಕೂ ಲೂಸ್ ಆಗುತ್ತದೆ. ಬಿಡಿ ಬಾಲುಗಳ ಹಳೆಯ ನಮೂನೆ ಬೇಡ, ಪೂರ್ತಿ ಮುಚ್ಚಿದ ಕಾರ್ಟ್ರಿಜ್ ಬಿಬಿ ಹಾಕಿಸಿ. ಬೀದರ್‌ನ ಕೆಂಪು ಧೂಳಿಗೂ ನಮ್ಮ ಕಲಬುರಗಿಯ ಎರೆ ಮಣ್ಣಿನ ಕೆಸರಿಗೂ ಅದೇ ತಡೆಯುತ್ತದೆ. ಆಕ್ಸಲ್ ಉದ್ದ ಸೆಟ್‌ಗೆ ತಕ್ಕಂತೆ ಇರಬೇಕು. 113, 118, 122.5 ಹೀಗೆ ಬರುತ್ತವೆ. ಯಾವುದು ಬೇಕೆಂದು ಸೆಟ್ ತಯಾರಿಸಿದವರು ಹೇಳಿರುತ್ತಾರೆ. ಕೂರಿಸಿದ ಮೇಲೆ ಸೈಕಲ್ ಹಿಂದೆ ಕೂತು ನೋಡಿ. ಮುಂದಿನ ನಡುವಿನ ರಿಂಗ್ ಹಿಂದಿನ ನಾಲ್ಕನೇ ಹಲ್ಲುಚಕ್ರದ ನೇರಕ್ಕೆ ಬರಬೇಕು. ಬಹಳ ಹೊರಗೆ ಅಥವಾ ಒಳಗೆ ಇದ್ದರೆ ಆಕ್ಸಲ್ ಉದ್ದ ತಪ್ಪಿದೆ ಎಂದರ್ಥ.

ಇನ್ನು ಜೋಡಣೆ. ಹಳೆಯ ಸಾದಾ ಸೈಕಲ್‌ಗಳಲ್ಲಿ ಕಾಟರ್ ಪಿನ್ ಇರುವುದರಿಂದ ನಮ್ಮ ಮೇಸ್ತ್ರಿಗಳಿಗೆ ಸುತ್ತಿಗೆಯ ಕೆಲಸ ಚೆನ್ನಾಗಿ ಗೊತ್ತು. ಅದು ಅಲ್ಲಿ ಸರಿ. ನಿಮ್ಮ ಸೈಕಲ್‌ಗೆ ಕ್ರ್ಯಾಂಕನ್ನು ಎಳೆದು ಬಿಚ್ಚುವ ಸಾಧನ, ಕ್ರ್ಯಾಂಕ್ ಪುಲ್ಲರ್ ಬೇಕು. ಅದಿರುವ ಅಂಗಡಿಗೇ ಹೋಗಿ. ಪುಲ್ಲರ್ ಹಾಕುವ ಮುಂಚೆ ಬೋಲ್ಟ್ ಜೊತೆ ಒಳಗಿನ ವಾಷರ್ ಕೂಡ ತೆಗೆಯಬೇಕು. ಇಲ್ಲದಿದ್ದರೆ ಕ್ರ್ಯಾಂಕ್‌ನ ಥ್ರೆಡ್ ಕಿತ್ತು ಬರುತ್ತದೆ. ಬಿಬಿಯ ಬಲಗಡೆ ಕಪ್ ಉಲ್ಟಾ ಥ್ರೆಡ್, ಎಡಗಡೆ ಪೆಡಲ್ ಕೂಡ ಉಲ್ಟಾ ಥ್ರೆಡ್. ಪೆಡಲ್ ಮೇಲೆ ಎಲ್, ಆರ್ ಎಂದು ಅಚ್ಚಿರುತ್ತದೆ. ಪೆಡಲನ್ನು ಮೊದಲು ಕೈಯಿಂದಲೇ ನಾಲ್ಕೈದು ಸುತ್ತು ತಿರುಗಿಸಬೇಕು. ಕೈಗೆ ಹೋಗದಿದ್ದರೆ ಓರೆಯಾಗಿ ಕೂತಿದೆ ಎಂದು ತಿಳಿದು ತೆಗೆದು ಮತ್ತೆ ಹಾಕಬೇಕು. ಸ್ಪ್ಯಾನರ್‌ನಿಂದ ಬಲವಂತ ಮಾಡಿದರೆ ಹೊಸ ಕ್ರ್ಯಾಂಕ್ ಅಲ್ಲೇ ಹಾಳು.

ಕ್ರ್ಯಾಂಕ್ ಬೋಲ್ಟ್‌ನ ಬಿಗಿ 35ರಿಂದ 50 ನ್ಯೂಟನ್ ಮೀಟರ್ ಇರಬೇಕು. ಟಾರ್ಕ್ ರೆಂಚ್ ಇಲ್ಲದಿದ್ದರೆ 30 ಸೆಂ.ಮೀ. ಹಿಡಿಯ ತುದಿಯಲ್ಲಿ 13-14 ಕೆ.ಜಿ. ಭಾರದಷ್ಟು ಒತ್ತಿದರೆ ಸುಮಾರು 40 ಬರುತ್ತದೆ. ಪುಟ್ಟ ಅಲೆನ್ ಕೀಯಲ್ಲಿ ಬೆರಳಿನಿಂದ ತಿರುಗಿಸಿದರೆ ಅಷ್ಟು ಬರುವುದಿಲ್ಲ. ಎಡಗಡೆ ಕ್ರ್ಯಾಂಕ್ ಲೂಸ್ ಆಗುವ ಕಥೆ ಹೆಚ್ಚಾಗಿ ಶುರುವಾಗುವುದು ಇಲ್ಲೇ. ಮೊದಲ ವಾರದ ಓಡಾಟದ ನಂತರ ಒಮ್ಮೆ ಅದೇ ಬಿಗಿಗೆ ನೋಡಿಸಿ. ಆಮೇಲೆ ಸುಮ್ನೆ ಪದೇ ಪದೇ ಬಿಗಿಯುತ್ತಾ ಹೋಗಬೇಡಿ, ಕ್ರ್ಯಾಂಕ್ ಆಕ್ಸಲ್ ಮೇಲೆ ಇನ್ನೂ ಹತ್ತಿ ಸೀಳಬಹುದು. ತುಳಿಯುವಾಗ ಟಕ್ ಟಕ್ ಸದ್ದು ಬಂದರೆ ಮಾತ್ರ ಅಲ್ಲೇ ಇಳಿದು ಅಂಗಡಿಗೆ ತಳ್ಳಿಕೊಂಡು ಹೋಗಿ.

ಮೊಣಕಾಲಿನ ಬಗ್ಗೆ ಒಂದು ಮಾತು. ಸೀಟು, ಕ್ರ್ಯಾಂಕ್, ಗೇರ್ ಮೂರೂ ಸರಿಯಾದ ಮೇಲೆ ಎರಡು ಮೂರು ವಾರದಲ್ಲಿ ನೋವು ಇಳಿಯತೊಡಗಬೇಕು. ಇಳಿಯದಿದ್ದರೆ, ಅಥವಾ ಈಗಲೇ ಊತ ಇದ್ದರೆ, ಮೆಟ್ಟಿಲು ಇಳಿಯುವಾಗಲೂ ನೋಯುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಆ ತನಕ ಏರಿನಲ್ಲಿ ಇಳಿದು ತಳ್ಳಿಕೊಂಡು ಬನ್ನಿ.